ಎಪ್ಪತ್ತಕ್ಕೆ ಬಂದು ಎಂಬತ್ತಕ್ಕೆ ಹೋಗುವ ಸದ್ದು

“ಎಲ್ಲಿ ಬರ್ತೈತೆ ಅಂತ ಹೇಳ್ಬೇಡಿ ಸಾರ್. ಯಾವಾಗ ಬರ್ತೈತೆ, ಅದು ಹೇಳಿ.”

ಮುಳಬಾಗಿಲಿನ ಊರೊಳಗೆ, ಹಳೆಯ ಹೆದ್ದಾರಿಯ ಪಕ್ಕದ ಪುಟ್ಟ ಗ್ಯಾರೇಜಿನಲ್ಲಿ ಈ ಮಾತು ಕೇಳಿದ ಮೇಲೆ ಬೈಕಿನ ಸದ್ದುಗಳನ್ನು ನಾನು ಕೇಳಿಸಿಕೊಳ್ಳುವ ಬಗೆಯೇ ಬದಲಾಗಿದೆ. ಹೇಳಿದವರು ಅರವತ್ತು ದಾಟಿದ ಮೆಕ್ಯಾನಿಕ್. ಕೆಲಸದ ಹುಡುಗನಿಗೆ ತೆಲುಗಿನಲ್ಲಿ, ಗಿರಾಕಿಗೆ ಕನ್ನಡದಲ್ಲಿ, ಎಂಜಿನ್ನಿಗೆ ಮಾತ್ರ ಮೌನವಾಗಿ ಕಿವಿ ಕೊಡುವ ಮನುಷ್ಯ.

ನನ್ನ ದೂರು ಇಷ್ಟೇ. ಹೊಸಕೋಟೆ ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಟಾಪ್ ಗೇರಿಗೆ ಹಾಕಿದರೆ, ಗಂಟೆಗೆ 70 ಕಿ.ಮೀ. ಹತ್ತಿರ ಪೆಟ್ರೋಲ್ ಟ್ಯಾಂಕಿನ ಕೆಳಗಿನಿಂದ ‘ಜರ್ರ್’ ಎಂದು ಶುರುವಾಗುತ್ತದೆ. 80ಕ್ಕೆ ಏರಿಸಿದರೆ ಮಾಯ. ನರಸಾಪುರ, ಕೋಲಾರ, ವಡಗೂರು, ಎಲ್ಲಿಯೂ ಬಿಡಲಿಲ್ಲ. ಪ್ಯಾನಿಯರ್ ಪೆಟ್ಟಿಗೆ ತುಂಬಿ ದೂರ ಹೋಗುವವರಿಗೆ ಎಪ್ಪತ್ತು, ಎಪ್ಪತ್ತೈದೇ ಇಡೀ ದಿನದ ವೇಗ. ಆ ವೇಗದಲ್ಲೇ ಕಿವಿಗೆ ಸದ್ದು ಕಚ್ಚಿಕೊಂಡರೆ ಬೆಟ್ಟವೂ ಕಾಣದು, ಕೆರೆಯೂ ಕಾಣದು. ಬೆಂಗಳೂರಿನಲ್ಲಿ ತೋರಿಸಿದಾಗಲೆಲ್ಲ “ಟ್ಯಾಪೆಟ್ ಇರಬಹುದು, ಟೈಮಿಂಗ್ ಚೈನ್ ಇರಬಹುದು” ಎಂಬ ಉತ್ತರ ಬಂತು. ಎರಡೂ ದುಬಾರಿ ಕೆಲಸಗಳು.

ಮುಳಬಾಗಿಲಿನ ಅಣ್ಣ ಸ್ಪ್ಯಾನರ್ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. ಕ್ಲಚ್ ಹಿಡಿದು ಗಾಡಿಯನ್ನು ಹಾಗೇ ಉರುಳಲು ಬಿಟ್ಟರೆ ಸದ್ದು ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದೆ. ಹಾಗಾದರೆ ಚಕ್ರದ ಬೇರಿಂಗ್, ಚೈನು, ಬ್ರೇಕು ಮೂರೂ ಪಟ್ಟಿಯಿಂದ ಹೊರಗೆ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ಬರುತ್ತದೆಯೇ? ಕೆಲವೊಮ್ಮೆ ಮಾತ್ರ ಎಂದೆ. “ಲಗೇಜ್ ಇದ್ದಾಗಲೋ ಇಲ್ಲದಾಗಲೋ?” ಈ ಮೂರನೇ ಪ್ರಶ್ನೆಯನ್ನು ನನಗೆ ಬೇರೆ ಯಾರೂ ಕೇಳಿರಲಿಲ್ಲ. ಸರ್ವೀಸಿಗೆ ಕೊಡುವಾಗ ಪೆಟ್ಟಿಗೆ ಇಳಿಸಿಯೇ ಕೊಡುತ್ತೇವೆ. ಗಾಡಿಯ ಹಿಂಭಾಗದ ತೂಕ ಬದಲಾದರೆ ಅದು ಅದುರುವ ಲಯವೂ ಬದಲಾಗುತ್ತದೆ, ಸದ್ದು ಅಡಗಿಬಿಡುತ್ತದೆ. ಬಿಚ್ಚಿಟ್ಟಿದ್ದ ಪೆಟ್ಟಿಗೆಗಳನ್ನು ಅವರು ಹುಡುಗನಿಂದ ಮತ್ತೆ ಹಾಕಿಸಿ, ನನ್ನನ್ನು ಸೀಟಿನ ಮೇಲೆ ಕೂರಿಸಿದರು.

ಆಮೇಲೆ ಬಂದದ್ದು ಉದ್ದನೆಯ ಸ್ಕ್ರೂಡ್ರೈವರ್. ತುದಿಯನ್ನು ಟ್ಯಾಪೆಟ್ ಕವರಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚಿದರು. 1816ರಲ್ಲಿ ಫ್ರೆಂಚ್ ವೈದ್ಯ ಲೆನೆಕ್ ಸುರುಳಿ ಸುತ್ತಿದ ಕಾಗದದಿಂದ ರೋಗಿಯ ಎದೆಬಡಿತ ಕೇಳಿದನಲ್ಲ, ಅದೇ ವಿದ್ಯೆ. ಹೊರಗಿನ ಗದ್ದಲ ಬಿಟ್ಟುಹೋಗಿ, ಲೋಹ ಮುಟ್ಟಿದ ಜಾಗದ ಸದ್ದು ಮಾತ್ರ ದಪ್ಪವಾಗಿ ಕೇಳುತ್ತದೆ. ನನಗೂ ಕೇಳಿಸಿದರು: ಹೊಲಿಗೆ ಯಂತ್ರದಷ್ಟು ಅಚ್ಚುಕಟ್ಟಾದ ಟಿಕಿಟಿಕಿ. “ಎಂಜಿನ್ ಚೆನ್ನಾಗೈತೆ. ಇದನ್ನ ಬಿಚ್ಚಿಸ್ಬೇಡಿ.”

ಈ ಕಿವಿ ಎಲ್ಲಿ ಪಳಗಿತು ಎಂದು ಕೇಳಿದೆ. ಯೆಜ್ಡಿಯಲ್ಲಿ, ಆಮೇಲೆ ಬುಲೆಟ್ಟಿನಲ್ಲಿ ಎಂದರು. 1960ರಲ್ಲಿ ಮೈಸೂರಿನಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾದ ಗಾಡಿಗಳು ಟೂ ಸ್ಟ್ರೋಕ್; ವಾಲ್ವೇ ಇಲ್ಲ, ಟ್ಯಾಪೆಟ್ಟೂ ಇಲ್ಲ. ಅಲ್ಲಿ ಕೇಳಬೇಕಾದದ್ದು ಪಿಸ್ಟನ್ನಿನ ಮಾತು ಮತ್ತು ಕ್ರ್ಯಾಂಕಿನ ಮಾತು. ಹಳೆಯ ಎರಕದ ಕಬ್ಬಿಣದ ಬುಲೆಟ್ಟಿನಲ್ಲಾದರೆ ಟ್ಯಾಪೆಟ್ ಹೊಂದಿಸುವುದೇ ಮೆಕ್ಯಾನಿಕ್ಕನ ಪರೀಕ್ಷೆ: ಎಂಜಿನ್ ತಣ್ಣಗಿರುವಾಗ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. 2009ರ ಕ್ಲಾಸಿಕ್ 500ರ ಹೊತ್ತಿಗೆ ಹೈಡ್ರಾಲಿಕ್ ಟ್ಯಾಪೆಟ್ ಬಂದು ಆ ಕೆಲಸವನ್ನು ಆಯಿಲೇ ವಹಿಸಿಕೊಂಡಿತು. ಸವಾರರಿಗೆ ಸುಖವಾಯಿತು. ಆದರೆ ಊರೂರಿನ ಕಿವಿಗಳಿಗೆ ಸಿಗುತ್ತಿದ್ದ ದಿನನಿತ್ಯದ ಪಾಠ ತಪ್ಪಿತು ಎಂದೇ ನನ್ನ ನಂಬಿಕೆ.

ಅಣ್ಣ ಈಗ ಸುತ್ತಿಗೆಯ ಮರದ ಹಿಡಿ ಎತ್ತಿಕೊಂಡರು. ಜರ್ರ್ ಬರುವ ಮಟ್ಟಕ್ಕೆ ಥ್ರಾಟಲ್ ಹಿಡಿದಿರಲು ನನಗೆ ಹೇಳಿ, ಒಂದೊಂದೇ ಭಾಗವನ್ನು ಮರದಿಂದ ಒತ್ತುತ್ತ ಹೋದರು. ವಿಂಡ್‌ಶೀಲ್ಡ್, ಕ್ರಾಶ್ ಗಾರ್ಡ್, ಎಂಜಿನ್ನಿನ ಕೆಳಗಿನ ತಟ್ಟೆ, ಸೈಲೆನ್ಸರಿನ ಹೀಟ್ ಶೀಲ್ಡ್. ಏನೂ ಇಲ್ಲ. ಗಾಡಿಯ ತೀರಾ ಹಿಂದೆ, ನಂಬರ್ ಪ್ಲೇಟನ್ನು ಹೊತ್ತ ಬ್ರಾಕೆಟ್ಟಿಗೆ ಒತ್ತಿದಾಗ ಸದ್ದು ಕತ್ತರಿಸಿದಂತೆ ನಿಂತಿತು. ಪ್ಯಾನಿಯರ್ ಚೌಕಟ್ಟಿನ ಅಡ್ಡಪಟ್ಟಿಗೆ ಆ ಬ್ರಾಕೆಟ್ಟಿನ ಅಂಚು ಕೂದಲೆಳೆಯಷ್ಟು ತಾಗುತ್ತಿತ್ತು.

ನನಗೆ ಟ್ಯಾಂಕಿನ ಕೆಳಗೆ ಕೇಳಿದ್ದು ಬಾಲದಲ್ಲಿ ಹುಟ್ಟುತ್ತಿತ್ತು! ಇದು ಹೇಗೆ ಎಂಬುದನ್ನು ಬಿಡಿಸಿಕೊಳ್ಳದೆ ನನಗೆ ನಿದ್ದೆ ಬರಲಿಲ್ಲ.

ಸದ್ದಿನ ದಿಕ್ಕನ್ನು ನಮ್ಮ ತಲೆ ಮುಖ್ಯವಾಗಿ ಎರಡು ಕಿವಿಗಳಿಗೆ ಅದು ತಲುಪುವ ಕಾಲದ ವ್ಯತ್ಯಾಸದಿಂದ ಲೆಕ್ಕ ಹಾಕುತ್ತದೆ. ಸದ್ದು ನೇರ ಬಲಗಡೆಯಿಂದ ಬಂದರೂ ಆ ವ್ಯತ್ಯಾಸ ಸೆಕೆಂಡಿನ ಹತ್ತು ಸಾವಿರದಲ್ಲಿ ಆರೇಳು ಭಾಗ ಮಾತ್ರ. ಈಗ ಬೈಕನ್ನು ನೋಡಿ. ಹೆಡ್‌ಲೈಟು, ಎಂಜಿನ್ನು, ಸೀಟು, ನಂಬರ್ ಪ್ಲೇಟು ಎಲ್ಲವೂ ಸವಾರನ ಮೂಗಿನ ನೇರಕ್ಕೆ, ಒಂದೇ ಗೆರೆಯ ಮೇಲಿವೆ. ಎಲ್ಲಿಂದ ಸದ್ದು ಎದ್ದರೂ ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ. ಮುಂದೆಯೋ ಹಿಂದೆಯೋ, ಮೇಲೋ ಕೆಳಗೋ ಎಂದು ಹೇಳಿಕೊಡುವುದು ಹೊರಗಿವಿಯ ಮಡಿಕೆಗಳು. ಅವುಗಳ ಮೇಲೆ ಹೆಲ್ಮೆಟ್ ಕೂತಿದೆ. ಸಾಲದ್ದಕ್ಕೆ ಗಾಳಿಗಿಂತ ಹತ್ತಾರು ಪಟ್ಟು ವೇಗವಾಗಿ ಸದ್ದು ಸಾಗಿಸುವ ಉಕ್ಕಿನ ಚೌಕಟ್ಟು, ಆ ನಡುಕವನ್ನು ಹಿಂದಿನಿಂದ ತಂದು ಟ್ಯಾಂಕಿಗೆ ಮುಟ್ಟಿಸುತ್ತದೆ. ಅರ್ಧ ಖಾಲಿಯಾದ ಟ್ಯಾಂಕು ತಂಬೂರಿಯ ಬುರುಡೆಯಂತೆ ಅದನ್ನು ದೊಡ್ಡದು ಮಾಡಿ ಹಾಡುತ್ತದೆ. ಸವಾರ ಎಷ್ಟೇ ಅನುಭವಿಯಾಗಿರಲಿ, ಆ ಸೀಟಿನ ಮೇಲೆ ಕೂತು ‘ಎಲ್ಲಿ’ ಎಂದು ಹೇಳಲು ದೇಹವೇ ಬಿಡುವುದಿಲ್ಲ.

‘ಎಲ್ಲಿ’ ತಿಳಿಯಬೇಕಾದರೆ ದೂರ ದೂರ ನಿಂತ ಕಿವಿಗಳು ಬೇಕು. ಮುಳಬಾಗಿಲು, ಮಾಲೂರುಗಳಿಂದ ದೂರವಿಲ್ಲದ ಕೆ.ಜಿ.ಎಫ್.ನಲ್ಲಿ ಇದನ್ನೇ ಮಾಡಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆ ಒತ್ತಡದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ನಡುಗುತ್ತಿದ್ದವು. ನೆಲದೊಳಗೆ ಬೇರೆ ಬೇರೆ ಕಡೆ ಜಿಯೋಫೋನ್‌ಗಳನ್ನು ಹೂತು, ಒಂದೇ ಸಿಡಿತ ಒಂದೊಂದಕ್ಕೂ ಯಾವ ಕ್ಷಣದಲ್ಲಿ ತಲುಪಿತು ಎಂಬ ಲೆಕ್ಕದಿಂದ ಅದು ಹುಟ್ಟಿದ ಜಾಗ ಕಂಡುಹಿಡಿಯುತ್ತಿದ್ದರು. ಗಣಿ 2001ರಲ್ಲಿ ಮುಚ್ಚಿತು. 1988ರಲ್ಲಿ ಅಲ್ಲೇ ಹುಟ್ಟಿದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಈ ವಿದ್ಯೆಗೆ ವಾರಸುದಾರ. ಬೈಕಿನವರಿಗೆ ಜಿಯೋಫೋನ್ ಬೇಡ. ಪಕ್ಕದಲ್ಲಿ ಇನ್ನೊಂದು ಗಾಡಿಯಲ್ಲಿ ಬರುವ ಗೆಳೆಯನ ಕಿವಿ ಸಾಕು. ಒಂಟಿ ಸವಾರನಿಗೆ ಉಳಿಯುವುದು ‘ಯಾವಾಗ’ ಒಂದೇ. ಅದೃಷ್ಟಕ್ಕೆ ಅದರಲ್ಲೇ ಬಹಳಷ್ಟು ಇದೆ.

ಲೆಕ್ಕ ಹೀಗೆ. 60 ಕಿ.ಮೀ. ವೇಗದಲ್ಲಿ ಟೂರಿಂಗ್ ಬೈಕಿನ ಹಿಂದಿನ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. ಇಡೀ ಚೈನು ಒಂದು ಸುತ್ತು ಬರುವುದು ಸೆಕೆಂಡಿಗೆ 3 ಸಲದ ಆಸುಪಾಸು. ಎಂಜಿನ್ 4,000 ಆರ್‌ಪಿಎಂನಲ್ಲಿದ್ದರೆ ಕ್ರ್ಯಾಂಕ್ ಸೆಕೆಂಡಿಗೆ 67 ಸುತ್ತು, ಕ್ಯಾಮ್ ಅದರ ಅರ್ಧ. ಮೂರು, ಎಂಟು ಎಂಬ ಲೆಕ್ಕದ ಸದ್ದನ್ನು ಕಿವಿ ಬಿಡಿಬಿಡಿಯಾಗಿ ‘ಟಕ್ ಟಕ್’ ಎಂದು ಕೇಳುತ್ತದೆ. 67 ಸಲ ಬಡಿದರೆ ಬಿಡಿ ಏಟು ಕರಗಿ ‘ಜರ್ರ್’ ಆಗುತ್ತದೆ. ಅಂದರೆ ಸದ್ದಿನ ಸ್ವರೂಪದಲ್ಲೇ ಅರ್ಧ ಉತ್ತರವಿದೆ: ಟಕ್ ಟಕ್ ಎಂದರೆ ಚಕ್ರ, ಚೈನು, ಸ್ಪ್ರಾಕೆಟ್ ಕಡೆ ನೋಡಿ, ಜರ್ರ್ ಎಂದರೆ ಎಂಜಿನ್ನಿನ ನಡುಕಕ್ಕೆ ಸಿಕ್ಕ ಯಾವುದೋ ಸಡಿಲ ತಗಡು. ಒಂದೇ ವೇಗದಲ್ಲಿ ಬಂದು ಅದನ್ನು ದಾಟಿದರೆ ಹೋಗುವ ಸದ್ದಂತೂ ಬಹುಪಾಲು ತಗಡೇ. ಎಂಜಿನ್ನಿನೊಳಗಿನ ಸವೆತ ಅಷ್ಟು ಸುಲಭಕ್ಕೆ ಸುಮ್ಮನಾಗುವುದಿಲ್ಲ.

ನನ್ನ ಗಾಡಿಗೆ ಆದ ಚಿಕಿತ್ಸೆ: ಹತ್ತು ನಂಬರ್ ಸ್ಪ್ಯಾನರಿನಿಂದ ಎರಡು ಬೋಲ್ಟ್ ಸಡಿಲಿಸಿ, ಬ್ರಾಕೆಟ್ಟನ್ನು ಒಂದಿಷ್ಟು ಕೆಳಗಿಳಿಸಿ, ನಡುವೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಟ್ಟು, ಮಾಮೂಲಿ ನಟ್ ಬದಲು ನೈಲಾಕ್ ನಟ್ ಹಾಕಿದ್ದು. ಶ್ರೀನಿವಾಸಪುರದ ಕಡೆಗೆ ಮಾವಿನ ತೋಪುಗಳ ನಡುವೆ ಅದೇ ಎಪ್ಪತ್ತರಲ್ಲಿ ಓಡಿಸಿದೆ. ಟೈರು, ಗಾಳಿ, ಎಂಜಿನ್ನಿನ ನಿಜವಾದ ದನಿ ಬಿಟ್ಟು ಬೇರೇನೂ ಇಲ್ಲ. ಗುಡುಗುಡು ಎನ್ನಲಿ ಎಂದು ಕಂಪನಿಯ ಸೈಲೆನ್ಸರ್ ಕಿತ್ತು ಬೇರೆ ಹಾಕಿಸುವವರನ್ನು ಕಂಡರೆ ಈಗ ಮರುಕ ಹೆಚ್ಚಾಗಿದೆ. ಅದು ಕಾನೂನಿಗೆ ವಿರುದ್ಧ ಎಂಬುದಿರಲಿ, ಗಾಡಿ ಹೇಳುವ ಸಣ್ಣ ಮಾತುಗಳನ್ನೆಲ್ಲ ಆ ಗದ್ದಲ ಮುಚ್ಚಿಬಿಡುತ್ತದೆ.

ಸೈಕಲ್ ಟ್ಯೂಬಿನಿಂದ ವಾಸಿಯಾಗದ ಸದ್ದುಗಳನ್ನೂ ಅಣ್ಣ ಬಿಡಿಸಿ ಹೇಳಿದರು. ಮುಂದಿನ ಬ್ರೇಕ್ ಒತ್ತಿದಾಗ ಹ್ಯಾಂಡಲ್ ಬುಡದಲ್ಲಿ ಟಕ್ ಎಂದರೆ ಕೋನ್ ಸೆಟ್. ಅದನ್ನು ಆ ವಾರವೇ ನೋಡಿಸಬೇಕು. ಕ್ಲಚ್ ಹಿಡಿದು ಉರುಳುವಾಗಲೂ ಗೊರಗೊರ ಎನ್ನುತ್ತ ವೇಗದೊಂದಿಗೆ ಏರುವುದು ಚಕ್ರದ ಬೇರಿಂಗ್. ಬದಲಾಯಿಸದೆ ಹೆದ್ದಾರಿಗೆ ಇಳಿಯಬಾರದು. ದಿಬ್ಬ ಹತ್ತುವಾಗ, ಥ್ರಾಟಲ್ ತೆರೆದಷ್ಟೂ ಎಂಜಿನ್ನಿನ ಹೊಟ್ಟೆಯೊಳಗೆ ದಪ್ಪನೆಯ ಢಕ್ ಢಕ್ ಏರಿದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದೆ ಎಂದು ತಿಳಿದು ಆ ಕ್ಷಣವೇ ಆಫ್ ಮಾಡಬೇಕು. “ನಂಗ್ಲಿ ಹತ್ರ ಆದ್ರೂ ಸರಿ, ನಡುರಾತ್ರಿ ಆದ್ರೂ ಸರಿ ಸಾರ್, ಓಡಿಸ್ಕೊಂಡು ಬರ್ಬೇಡಿ. ಗೂಡ್ಸ್ ಆಟೋಗೆ ಹಾಕ್ಕೊಂಡು ಬನ್ನಿ.”