ಎಲೆ ಉದುರುವ ಕಾಲದ ಲೆಕ್ಕ

2020ರ ಆಗಸ್ಟ್ 15. ಕೊರೊನಾ ಕಾಲ. ಶಾಲೆಯಿಲ್ಲ, ಧ್ವಜವಂದನೆಯಿಲ್ಲ, ಸಿಹಿಯೂ ಇಲ್ಲ. ಆಗ ಮೂರನೇ ತರಗತಿಯಲ್ಲಿದ್ದ ನನ್ನ ಮೊಮ್ಮಗ ಮನೆಯೊಳಗೇ ಸುತ್ತಿ ಸುತ್ತಿ ಬೇಸತ್ತಿದ್ದ. ಸಂಜೆ ಇಬ್ಬರೂ ಅವನಪ್ಪನ ಲ್ಯಾಪ್‌ಟಾಪ್ ಮುಂದೆ ಕುಳಿತು ಇಟಲಿಯ ಒಂದು ಸೈಕಲ್ ರೇಸ್ ನೋಡಲು ಶುರು ಮಾಡಿದೆವು. ಬರೀ ನೋಡಿದರೆ ಏನು ಮಜಾ? ಹಳೆಯ ಡೈರಿಯೊಂದನ್ನು ತೆಗೆದು ಲೆಡ್ಜರಿನ ಹಾಗೆ ನಡುವೆ ಗೆರೆ ಹೊಡೆದೆ. ಎಡಗಡೆ ಅವನ ಊಹೆ, ಬಲಗಡೆ ನನ್ನದು. ದುಡ್ಡಿನ ಪಣ ಕೂಡದೆಂದು ಅವನಜ್ಜಿಯ ಅಪ್ಪಣೆ. ಹಾಗಾಗಿ ಸೋತವರು ಮರುದಿನ ಮನೆಯ ಎರಡೂ ಸೈಕಲ್ ಒರೆಸಿ ಚೈನಿಗೆ ಎಣ್ಣೆ ಬಿಡಬೇಕು ಎಂದು ಗೊತ್ತಾಯಿತು.

ಇಬ್ಬರೂ ಬರೆದದ್ದು ಒಂದೇ ಹೆಸರು. ಬೆಲ್ಜಿಯಂ ದೇಶದ ರೆಮ್ಕೊ ಎವೆನೆಪೂಲ್. ಇಪ್ಪತ್ತು ವರ್ಷದ ಹುಡುಗ. ಆ ವರ್ಷ ಅವನು ಭಾಗವಹಿಸಿದ್ದ, ಹಲವು ದಿನ ನಡೆಯುವ ನಾಲ್ಕು ರೇಸುಗಳಲ್ಲಿ ನಾಲ್ಕನ್ನೂ ಗೆದ್ದಿದ್ದ. ಇಂಥ ಲೆಕ್ಕಕ್ಕೆ ಬಿ.ಕಾಂ. ಬೇಕಿಲ್ಲ.

ಸೊರ್ಮಾನೊ ಎಂಬ ಬೆಟ್ಟದ ಇಳಿಜಾರಿನಲ್ಲಿ ಎವೆನೆಪೂಲ್‌ನ ಸೈಕಲ್ ಒಂದು ಸೇತುವೆಯ ಮೋಟುಗೋಡೆಗೆ ಬಡಿಯಿತು. ಸೈಕಲ್ ಇತ್ತ ಉಳಿಯಿತು, ಹುಡುಗ ಗೋಡೆಯಾಚೆ ಕಮರಿಗೆ ಬಿದ್ದ. ಗೆದ್ದವನು ಡೆನ್ಮಾರ್ಕಿನ ಯಾಕೊಬ್ ಫುಗ್ಲ್‌ಸಾಂಗ್, ಆಗ ಅವನಿಗೆ 35 ವರ್ಷ. ಆದರೆ ನಮ್ಮ ಮನೆಯಲ್ಲಿ ಆ ಗೆಲುವನ್ನು ಯಾರೂ ನೋಡಲಿಲ್ಲ. ಮೊಮ್ಮಗ ಊಟ ಬೇಡವೆಂದು ಮಲಗಿಬಿಟ್ಟ. ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಅವನ ದನಿ: "ತಾತಾ, ನಾವು ಅವನ ಹೆಸರು ಬರೆದಿದ್ದಕ್ಕೇ ಬಿದ್ದನಾ?"

ಮೂವತ್ತು ವರ್ಷ ಕೌಂಟರಿನಲ್ಲಿ ಕುಳಿತು ಜನರ ನೂರೆಂಟು ಪ್ರಶ್ನೆಗೆ ಉತ್ತರ ಕೊಟ್ಟವನು ನಾನು. ಈ ಪ್ರಶ್ನೆಗೆ ತಡವರಿಸಿದೆ. "ಇಲ್ಲ ಕಂದಾ, ನಮ್ಮ ಡೈರಿಗೂ ಅವನ ಸೈಕಲ್ಲಿಗೂ ಏನು ಸಂಬಂಧ?" ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಜೀವಕ್ಕೆ ಅಪಾಯವಿಲ್ಲ, ಸೊಂಟದ ಮೂಳೆ ಮುರಿದಿದೆ ಎಂಬ ಸುದ್ದಿ ಬಂದ ಮೇಲಷ್ಟೇ ದೋಸೆ ಒಳಗೆ ಇಳಿಯಿತು.

ಆ ರೇಸಿನ ಹೆಸರು ಇಲ್ ಲೊಂಬಾರ್ದಿಯಾ. ಉತ್ತರ ಇಟಲಿಯ ಲೊಂಬಾರ್ದಿ ಸೀಮೆಯಲ್ಲಿ ನಡೆಯುತ್ತದೆ. ಮೊದಲ ಸಲ ನಡೆದದ್ದು 1905ರಲ್ಲಿ, ಗೆದ್ದವನು ಜಿಯೊವಾನ್ನಿ ಜೆರ್ಬಿ. ಯುರೋಪಿನ ಒಂದು ದಿನದ ಸೈಕಲ್ ರೇಸುಗಳಲ್ಲಿ ಐದನ್ನು ದೊಡ್ಡವೆಂದು ಎಣಿಸುತ್ತಾರೆ. ನಾಲ್ಕು ಮಾರ್ಚ್, ಏಪ್ರಿಲ್‌ನಲ್ಲಿ ಮುಗಿದುಹೋಗುತ್ತವೆ. ಇದೊಂದು ಮಾತ್ರ ಅಕ್ಟೋಬರಿನಲ್ಲಿ. 2020ರಲ್ಲಿ ಕೊರೊನಾದಿಂದಾಗಿ ಆಗಸ್ಟಿಗೆ ಬಂದಿತ್ತು ಅಷ್ಟೆ. ಅಕ್ಟೋಬರೆಂದರೆ ಅಲ್ಲಿ ಎಲೆ ಉದುರುವ ಕಾಲ. ಆದ್ದರಿಂದ ಇದಕ್ಕೆ 'ಉದುರೆಲೆಗಳ ರೇಸ್' ಎಂದೇ ಅಡ್ಡಹೆಸರು. ಕೊಮೊ ಸರೋವರದ ಸುತ್ತಲಿನ ಬೆಟ್ಟಗಳನ್ನು ಹತ್ತಿ ಇಳಿದು ಸುಮಾರು 240, 250 ಕಿಲೋಮೀಟರ್. ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋದಷ್ಟು ದೂರ, ಅದೂ ಒಂದೇ ಹಗಲಿನಲ್ಲಿ, ತುಳಿದುಕೊಂಡು.

ದಾರಿಯಲ್ಲಿ ಗಿಸಾಲ್ಲೊ ಎಂಬ ಏರಿನ ನೆತ್ತಿಯ ಮೇಲೆ ಮೇರಿಮಾತೆಯ ಪುಟ್ಟ ಗುಡಿಯಿದೆ. 1949ರಲ್ಲಿ ಪೋಪ್ ಈ ಮಾತೆಯನ್ನು ಸೈಕಲ್ ಸವಾರರ ರಕ್ಷಕಿ ಎಂದು ಸಾರಿದರು. ಗುಡಿಯ ಗೋಡೆಗಳಲ್ಲಿ ಹಳೆಯ ವೀರರ ಸೈಕಲ್ಲುಗಳನ್ನೂ ಅಂಗಿಗಳನ್ನೂ ತೂಗುಹಾಕಿದ್ದಾರೆ. ನಾವು ಆಯುಧಪೂಜೆಗೆ ಸೈಕಲ್ಲಿಗೆ ಕುಂಕುಮ ಇಟ್ಟು ಹೂ ಮುಡಿಸುವವರಲ್ಲವೇ, ಇದು ನಮಗೆ ಅರ್ಥವಾಗುತ್ತದೆ.

ಈಗ ಊಹೆಯ ವಿಷಯಕ್ಕೆ ಬರೋಣ. ಸಾಲ ಕೊಡುವ ಮೊದಲು ಗಿರಾಕಿಯ ಹಿಂದಿನ ವ್ಯವಹಾರ ನೋಡುವಂತೆ ಸವಾರನ ಹಿಂದಿನ ವಾರಗಳನ್ನು ನೋಡಬೇಕು. ಲೊಂಬಾರ್ದಿಯಾಕ್ಕೆ ಸುಮಾರು ಒಂದು ವಾರ ಮೊದಲು ಬೊಲೊನ್ಯಾ ಊರಿನ ಬೆಟ್ಟದ ಮೇಲೆ ಜಿರೊ ದೆಲ್ಲೆಮಿಲಿಯಾ ಎಂಬ ರೇಸ್ ಮುಗಿಯುತ್ತದೆ. ಅಲ್ಲಿ ಚೆನ್ನಾಗಿ ಹತ್ತಿದವನು ಇಲ್ಲೂ ಹತ್ತುತ್ತಾನೆ. ನನ್ನ ಈ ಸೂತ್ರವನ್ನು ಕೆಡಿಸಿದವನು ಸ್ಲೊವೇನಿಯಾದ ತಾದೇಯ್ ಪೊಗಾಚಾರ್. 2022ರಲ್ಲಿ ಎಮಿಲಿಯಾದಲ್ಲಿ ಎನ್ರಿಕ್ ಮಾಸ್ ಮೊದಲು, ಪೊಗಾಚಾರ್ ಎರಡನೆಯವನು. ನಾನು ಮಾಸ್ ಎಂದು ಬರೆದೆ. ಲೊಂಬಾರ್ದಿಯಾದಲ್ಲಿ ಅದು ತಿರುವುಮುರುವಾಯಿತು. 2023ರಲ್ಲಿ ಎಮಿಲಿಯಾ ಗೆದ್ದವನು ರೊಗ್ಲಿಚ್, ಪೊಗಾಚಾರ್ ಮತ್ತೆ ಎರಡನೆಯವನು. ಹಟಕ್ಕೆ ಬಿದ್ದು ರೊಗ್ಲಿಚ್ ಎಂದು ಬರೆದೆ. ಅವನು ಮೂರನೆಯವನಾದ, ಪೊಗಾಚಾರ್ ಗೆದ್ದ. ಎರಡು ವರ್ಷವೂ ನನ್ನ ಮೊಮ್ಮಗ ಪಕ್ಕದಲ್ಲಿ ನಿಂತು ಚೈನಿಗೆ ಎಣ್ಣೆ ಸರಿಯಾಗಿ ಬಿತ್ತೇ ಎಂದು ಬಗ್ಗಿ ನೋಡಿದ.

ಎಲ್ಲರೂ ಬಲ್ಲ ಬಲಶಾಲಿಗೆ ಇನ್ನೊಂದು ತೊಡಕುಂಟು. ಮುಂದೆ ಹೋಗುವವನು ಗಾಳಿಯನ್ನು ಸೀಳಿಕೊಂಡು ಹೋಗಬೇಕು, ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಅರ್ಧಕ್ಕರ್ಧ ಆರಾಮ. ಆದ್ದರಿಂದ ಯಾರಾದರೂ ಓಡಿಹೋದರೆ ಬೆನ್ನಟ್ಟುವುದಕ್ಕೆ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ: 'ನೀನು ಎಳೆ', 'ನೀನೇ ಎಳೆ'. 2019ರಲ್ಲಿ ಹಾಗೇ ಆಯಿತು. ರೊಗ್ಲಿಚ್, ವಾಲ್ವೆರ್ದೆ ಮೊದಲಾದ ಘಟಾನುಘಟಿಗಳು ಹೀಗೆ ನೋಡುತ್ತಿರುವಾಗಲೇ ಹಾಲೆಂಡಿನ ಬೌಕೆ ಮೊಲ್ಲೆಮಾ ಕೊನೆಯ ಏರುಗಳಲ್ಲೊಂದರಲ್ಲಿ ನುಸುಳಿಕೊಂಡು ಹೋಗಿ ಗೆದ್ದುಬಿಟ್ಟ. ಮದುವೆ ಮನೆಯಲ್ಲಿ ದೊಡ್ಡವರು ಉಪಚಾರ ಹೇಳುತ್ತಾ ನಿಂತಾಗ ಹುಡುಗರು ಪಂಕ್ತಿಯಲ್ಲಿ ಕುಳಿತುಬಿಡುತ್ತಾರಲ್ಲ, ಹಾಗೆ.

ಕಾಗದದ ಮೇಲೆ ಬರೆಯಲಾಗದ ಕಾರಣಗಳೂ ಇವೆ. 2006ರಲ್ಲಿ ಇಟಲಿಯ ಪಾವೊಲೊ ಬೆಟ್ಟಿನಿ ವಿಶ್ವ ಚಾಂಪಿಯನ್ ಆದ. ಕೆಲವೇ ದಿನಗಳಲ್ಲಿ ಅವನ ಅಣ್ಣ ಕಾರು ಅಪಘಾತದಲ್ಲಿ ತೀರಿಕೊಂಡ. ಸೂತಕದ ಮನೆಯಿಂದ ಎದ್ದು ಬಂದವನು ಏನು ತುಳಿದಾನು ಎಂದು ನಾನಾದರೆ ಅವನ ಹೆಸರನ್ನು ಪಟ್ಟಿಯಿಂದಲೇ ಹೊಡೆದುಹಾಕುತ್ತಿದ್ದೆ. ಅವನು ಲೊಂಬಾರ್ದಿಯಾ ಗೆದ್ದು, ಅಳುತ್ತಾ ಗೆರೆ ದಾಟಿದ.

ನಮ್ಮ ಡೈರಿಯ ಕಥೆ ಹೇಳುತ್ತಿದ್ದೆನಲ್ಲವೇ. 2021ರಿಂದ ಪ್ರತಿ ವರ್ಷ ಪೊಗಾಚಾರನೇ ಗೆಲ್ಲುತ್ತಾ ಬಂದ. 2024ರಲ್ಲಂತೂ 48 ಕಿಲೋಮೀಟರ್ ಒಬ್ಬನೇ ತುಳಿದು ಮೂರು ನಿಮಿಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದ. "ಇನ್ನು ಯಾಕೆ ಬರೆಯೋದು ತಾತಾ, ಉತ್ತರ ಗೊತ್ತಿರೋ ಪ್ರಶ್ನೆಪತ್ರಿಕೆ ಇದು" ಎಂದು ಹುಡುಗ ಮುಖ ಸಿಂಡರಿಸಿದ. ಹಾಗಾಗಿ ನಿಯಮ ತಿದ್ದಿದೆವು. ಒಂದು ಹೆಸರು ಸಾಲದು, ಮೊದಲ ಮೂವರನ್ನೂ ಬರೆಯಬೇಕು.

ಇಲ್ಲೊಂದು ಸಂಗತಿ ನನ್ನ ಗಮನಕ್ಕೆ ಬಂತು. ಆ ಬಿದ್ದ ಹುಡುಗ ಎವೆನೆಪೂಲ್ ಒಂಬತ್ತು ತಿಂಗಳಲ್ಲಿ ಮತ್ತೆ ರೇಸಿಗೆ ಬಂದಿದ್ದ. 2022ರಲ್ಲಿ ವಿಶ್ವ ಚಾಂಪಿಯನ್ ಆದ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ. ಅದೇ ವರ್ಷ ಲೊಂಬಾರ್ದಿಯಾದಲ್ಲಿ ಎರಡನೆಯವನಾದ. ನನ್ನ ಕಾಲಂನಲ್ಲಿ ಅವನ ಹೆಸರು ಬರುತ್ತಿತ್ತು. ಎಡಗಡೆಯ ಕಾಲಂನಲ್ಲಿ ಮಾತ್ರ 2020ರ ನಂತರ ಒಮ್ಮೆಯೂ ಇಲ್ಲ. ಮರೆತಿದ್ದಲ್ಲ. ಬರೆಯುವಾಗ ಪೆನ್ನು ಆ ಹೆಸರಿನ ಹತ್ತಿರ ಹೋಗಿ ತಿರುಗುತ್ತಿತ್ತು. ನಾನು ಕೇಳಲಿಲ್ಲ.

2025ರ ಅಕ್ಟೋಬರ್ 11, ಶನಿವಾರ. ಲೆಕ್ಕ ಕಣ್ಣಿಗೆ ಕಟ್ಟಿದಂತಿತ್ತು. ಸೆಪ್ಟೆಂಬರ್ ಕೊನೆಗೆ ರುವಾಂಡದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನ ರಸ್ತೆ ಓಟದಲ್ಲಿ ಪೊಗಾಚಾರ್ ಒಂದು, ಎವೆನೆಪೂಲ್ ಎರಡು. ಮುಂದಿನ ವಾರ ಯುರೋಪಿಯನ್ ಚಾಂಪಿಯನ್‌ಶಿಪ್ಪಿನಲ್ಲೂ ಅದೇ. ಹುಡುಗನಿಗೆ ಈಗ ಎಂಟನೇ ತರಗತಿ, ಮೀಸೆ ಚಿಗುರುವ ವಯಸ್ಸು. ಡೈರಿ ಎಳೆದುಕೊಂಡು, ಕೈ ಅಡ್ಡ ಇಟ್ಟುಕೊಂಡು ಬರೆದ. ಮುಚ್ಚಿ ಕೊಟ್ಟ.

ಕೊಮೊದಿಂದ ಹೊರಟ ರೇಸ್ ಬೆರ್ಗಾಮೊದಲ್ಲಿ ಮುಗಿಯುವಾಗ ನಮ್ಮಲ್ಲಿ ರಾತ್ರಿ ಊಟದ ಹೊತ್ತು. ಅಮೆರಿಕದ ಕ್ವಿನ್ ಸಿಮ್ಮನ್ಸ್ ಮುಂದೆ ಒಬ್ಬನೇ ಹೋಗುತ್ತಿದ್ದ. ಪಾಸೊ ದಿ ಗಾಂದಾ ಏರಿನಲ್ಲಿ ಪೊಗಾಚಾರ್ ಅವನನ್ನು ಹಿಂದೆ ಹಾಕಿ ನಡೆದ. ಹಿಂದಿನಿಂದ ಎವೆನೆಪೂಲ್ ಒಬ್ಬನೇ ಬರುತ್ತಿದ್ದ. ಇಳಿಜಾರು ಬಂದಾಗಲೆಲ್ಲ ಮೊಮ್ಮಗನ ಕೈಯ ಚಪಾತಿ ಅಲ್ಲೇ ನಿಲ್ಲುತ್ತಿತ್ತು. ಒಂದೊಂದು ತಿರುವು ದಾಟಿದಾಗಲೂ ಉಸಿರು ಬಿಡುತ್ತಿದ್ದ. ಪೊಗಾಚಾರ್ ಗೆದ್ದ, ಸತತ ಐದನೆಯ ಸಲ. ಹಿಂದೆ ಇಟಲಿಯ ಫೌಸ್ಟೊ ಕೊಪ್ಪಿಯೂ ಐದು ಸಲ ಗೆದ್ದಿದ್ದನಾದರೂ ಸತತವಾಗಿ ಅಲ್ಲ. ಹುಡುಗ ಅದಕ್ಕೆ ಚಪ್ಪಾಳೆ ತಟ್ಟಲಿಲ್ಲ. ಸುಮಾರು ಎರಡು ನಿಮಿಷ ಕಳೆದು ಎವೆನೆಪೂಲ್ ಗೆರೆ ದಾಟಿದ ಮೇಲೆ ತಟ್ಟಿದ.

ಡೈರಿ ತೆರೆದೆ. ಎಡಗಡೆ, ಎರಡನೆಯ ಸಾಲಿನಲ್ಲಿ, ದುಂಡಗಿನ ಅಕ್ಷರದಲ್ಲಿ: ರೆಮ್ಕೊ ಎವೆನೆಪೂಲ್.

ಮೂರನೆಯ ಸ್ಥಾನಕ್ಕೆ ಆಸ್ಟ್ರೇಲಿಯಾದ ಮೈಕಲ್ ಸ್ಟೋರರ್ ಬರುತ್ತಾನೆಂದು ನಮ್ಮಿಬ್ಬರಲ್ಲಿ ಯಾರೂ ಬರೆದಿರಲಿಲ್ಲ. ಲೆಕ್ಕ ಸಮಸಮ. ಭಾನುವಾರ ಬೆಳಿಗ್ಗೆ ಎಣ್ಣೆ ಡಬ್ಬಿ ಅವನು ಹಿಡಿದ, ಒರೆಸುವ ಬಟ್ಟೆ ನಾನು.