ಕೂತ ಡ್ರೈವರ್, ಮೆಟ್ಟಿಲು ಹತ್ತಿದ ಕಂಡಕ್ಟರ್!

2024ರ ನವೆಂಬರ್ 6. ನೆಲಮಂಗಲದಿಂದ ದಾಸನಪುರದ ಕಡೆ ಹೊರಟಿದ್ದ ಬಿಎಂಟಿಸಿ ಬಸ್ಸು. ಡ್ರೈವರ್‌ಗೆ ವಯಸ್ಸು ಬರೀ 40. ಬಸ್ಸು ಓಡುತ್ತಿರುವಾಗಲೇ ಹೃದಯಾಘಾತವಾಗಿ ಸೀಟಿನಿಂದ ಪಕ್ಕಕ್ಕೆ ವಾಲಿ ಕುಸಿದರು. ಹಿಡಿತ ತಪ್ಪಿದ ಬಸ್ಸು ಇನ್ನೊಂದು ಬಸ್ಸಿಗೆ ಉಜ್ಜಿಕೊಂಡು ಮುಂದಕ್ಕೆ ಹೋಯಿತು. ಕಂಡಕ್ಟರ್ ಹಾರಿ ಬಂದು ಬಸ್ಸು ನಿಲ್ಲಿಸಿದರು. ಪ್ರಯಾಣಿಕರು ಉಳಿದರು. ಡ್ರೈವರ್ ಉಳಿಯಲಿಲ್ಲ.

ಬಸ್ಸಿನೊಳಗಿನ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ಊರೆಲ್ಲ ಆ ದೃಶ್ಯ ನೋಡಿ ‘ಅಯ್ಯೋ ಪಾಪ’ ಅಂದಿತು. ಎರಡು ದಿನ ಕಳೆದ ಮೇಲೆ ಮರೆತಿತು.

ಮರೆಯಬಾರದ ಮಾತೊಂದು ಇದರಲ್ಲಿ ಇದೆ. ಅದಕ್ಕೂ ಮೊದಲೇ ಬಿಎಂಟಿಸಿ ತನ್ನ ನೌಕರರಿಗೆ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆ ಏರ್ಪಾಡು ಮಾಡಿತ್ತು. ಯಾರಿಗೆ? 45 ವರ್ಷ ದಾಟಿದವರಿಗೆ. ಕಾಯಿಲೆ ಮಾತ್ರ ವಯಸ್ಸಿನ ಸರ್ಟಿಫಿಕೇಟು ಕೇಳಲಿಲ್ಲ.

ಆ ಡ್ರೈವರ್ ಸಾವಿಗೆ ಇಂಥದ್ದೇ ಕಾರಣ ಅಂತ ಹೇಳೋದಕ್ಕೆ ನಾವು ಡಾಕ್ಟರಲ್ಲ. ಆದರೆ ದಿನಕ್ಕೆ ಎಂಟು-ಹತ್ತು ಗಂಟೆ ಒಂದೇ ಸೀಟಿನಲ್ಲಿ ಕೂತು ದುಡಿಯೋರು ಡ್ರೈವರುಗಳು ಮಾತ್ರ ಅಲ್ಲವಲ್ಲ. ರಾಜಾಜಿನಗರದ ಜವಳಿ ಅಂಗಡಿ ಯಜಮಾನರು, ಬಸವೇಶ್ವರನಗರದ ದಿನಸಿ ಅಂಗಡಿಯವರು, ವಿಜಯನಗರದ ಮೆಡಿಕಲ್ ಸ್ಟೋರಿನವರು, ಕೆಂಗೇರಿಯಿಂದ ಮೆಜೆಸ್ಟಿಕ್‌ಗೆ ದಿನಾ ಬಂದು ಆಫೀಸ್ ಕುರ್ಚಿ ಹಿಡಿಯೋರು, ಎಲ್ಲರದ್ದೂ ಅದೇ ಕಥೆ. ಬೆಳಗ್ಗೆ ಗಲ್ಲಾ ಮುಂದೆ ಕೂತರೆ ರಾತ್ರಿ ಶಟರ್ ಎಳೆಯೋವರೆಗೆ ಏಳೋದು ಅಪರೂಪ. ಈ ಕೂತವರ ಪಾಡು ಏನು ಅಂತ ಜಗತ್ತಿಗೆ ಮೊದಲು ಲೆಕ್ಕ ಹಾಕಿ ತೋರಿಸಿದ್ದೂ ಒಂದು ಬಸ್ಸೇ!

ಲಂಡನ್ ಬಸ್ಸಿನ ಲೆಕ್ಕ

ಲಂಡನ್ನಿನಲ್ಲಿ ಜೆರಿ ಮಾರಿಸ್ ಅಂತ ಒಬ್ಬ ಡಾಕ್ಟರ್ ಇದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಹೃದಯಾಘಾತ ಏರುತ್ತಾ ಹೋಯಿತು. ಕಾರಣ ಗೊತ್ತಿರಲಿಲ್ಲ. ಮಾರಿಸ್ ಊರಿನ ಡಬ್ಬಲ್ ಡೆಕ್ಕರ್ ಬಸ್ಸುಗಳ ಕಡೆ ಕಣ್ಣು ಹಾಕಿದರು. ಡ್ರೈವರೂ ಕಂಡಕ್ಟರೂ ಒಂದೇ ಬಸ್ಸಿನೋರು, ಹೆಚ್ಚುಕಮ್ಮಿ ಒಂದೇ ಥರದ ಮನೆಗಳಿಂದ ಬಂದೋರು. ವ್ಯತ್ಯಾಸ ಇದ್ದಿದ್ದು ಕೆಲಸದಲ್ಲಿ. ಡ್ರೈವರ್ ಪಾಳಿಯ ಬಹುಪಾಲು ಕೂತೇ ಇರುತ್ತಾನೆ. ಕಂಡಕ್ಟರ್ ಟಿಕೆಟ್ ಹರಿಯುತ್ತಾ ಕೆಳಗೆ ಮೇಲೆ, ಮೇಲೆ ಕೆಳಗೆ. ದಿನಕ್ಕೆ 500ರಿಂದ 750 ಮೆಟ್ಟಿಲು!

ಸುಮಾರು 31,000 ಸಾರಿಗೆ ನೌಕರರ ದಾಖಲೆ ಜಾಲಾಡಿ, 1953ರಲ್ಲಿ ‘ಲ್ಯಾನ್ಸೆಟ್’ ವೈದ್ಯ ಪತ್ರಿಕೆಯಲ್ಲಿ ಮಾರಿಸ್ ಫಲಿತಾಂಶ ಬರೆದರು. ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ. ಬಂದರೂ ತಡವಾಗಿ ಬರುತ್ತಿತ್ತು, ಅದರಿಂದ ತಕ್ಷಣ ಸಾಯುವವರೂ ಡ್ರೈವರುಗಳಿಗಿಂತ ಕಡಿಮೆ. ಅಂಚೆ ಇಲಾಖೆಯಲ್ಲೂ ನೋಡಿದರು. ನಡೆದು, ಸೈಕಲ್ ತುಳಿದು ಕಾಗದ ಹಂಚುವ ಪೋಸ್ಟ್‌ಮ್ಯಾನ್ ಮೇಜಿನ ಹಿಂದೆ ಕೂತ ಗುಮಾಸ್ತನಿಗಿಂತ ಗಟ್ಟಿ.

‘ಸೊಂಟ ದಪ್ಪ ಇದ್ದೋರೇ ಡ್ರೈವರ್ ಕೆಲಸಕ್ಕೆ ಸೇರಿರಬಹುದಲ್ಲ?’ ಅಂತ ನೀವು ಕೇಳಬಹುದು. ಮಾರಿಸ್‌ಗೂ ಆ ಅನುಮಾನ ಬಂತು. ಸಂಸ್ಥೆಯವರು ಹೊಲಿಸಿ ಕೊಡುತ್ತಿದ್ದ ಪ್ಯಾಂಟುಗಳ ಸೊಂಟದ ಅಳತೆ ತೆಗೆಸಿದರು! ನಿಜಕ್ಕೂ ಡ್ರೈವರುಗಳ ಸೊಂಟ ಮೊದಲಿನಿಂದಲೇ ಸ್ವಲ್ಪ ದೊಡ್ಡದಿತ್ತು. ಅದನ್ನೂ ಮುಚ್ಚಿಡದೆ 1956ರಲ್ಲಿ ಪ್ರಕಟಿಸಿದರು. ಆಮೇಲೆ ಮೈ ತೂಕ ಲೆಕ್ಕಕ್ಕೆ ಹಿಡಿದು ನೋಡಿದರೂ ಓಡಾಡುವವನ ಕಡೆಗೇ ತಕ್ಕಡಿ ವಾಲಿತು. ಇಷ್ಟೆಲ್ಲ ಹೇಳಿದ ಮಾರಿಸ್ ತಾವೂ ವ್ಯಾಯಾಮ ಬಿಡಲಿಲ್ಲ. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ಮೆಟ್ಟಿಲು ಇದೆ, ಹತ್ತೋರಿಲ್ಲ

ನಮ್ಮ ಪಶ್ಚಿಮ ಬೆಂಗಳೂರು ಒಂದು ಕಾಲಕ್ಕೆ ಕಂಡಕ್ಟರ್ ಜಾತಿಯದ್ದೇ. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ಕಿರ್ಲೋಸ್ಕರ್ ಕಾರ್ಖಾನೆ ಅಂತ ಜನ ನಡೆದೋ ಸೈಕಲ್ ತುಳಿದೋ ಪಾಳಿಗೆ ಹೋಗುತ್ತಿದ್ದರು. ವ್ಯಾಯಾಮ ಅನ್ನೋ ಮಾತು ಯಾರ ಬಾಯಲ್ಲೂ ಇರಲಿಲ್ಲ, ಅದು ಕೂಲಿಯ ಜತೆ ಬಿಟ್ಟಿ ಸಿಗುತ್ತಿತ್ತು. ಕಿರ್ಲೋಸ್ಕರ್ ಇದ್ದ ಜಾಗದಲ್ಲಿ ಈಗ ದೊಡ್ಡ ಮಾಲ್ ನಿಂತಿದೆ. ಅಲ್ಲಿ ಮೆಟ್ಟಿಲೇ ನಮ್ಮನ್ನು ಹೊತ್ತುಕೊಂಡು ಮೇಲೆ ಹೋಗುತ್ತದೆ.

ಹಾಗಂತ ಮೆಟ್ಟಿಲಿಗೇನೂ ಬರ ಇಲ್ಲ. 2014ರಲ್ಲಿ ರಾಜಾಜಿನಗರಕ್ಕೆ, 2015ರಲ್ಲಿ ವಿಜಯನಗರಕ್ಕೆ, 2021ರಲ್ಲಿ ಕೆಂಗೇರಿಗೆ ಮೆಟ್ರೋ ಬಂತು. ಈ ಕಡೆಯ ಸ್ಟೇಷನ್ನುಗಳು ಕಂಬದ ಮೇಲಿವೆ, ರಸ್ತೆಯಿಂದ ಪ್ಲಾಟ್‌ಫಾರಂಗೆ ಎರಡು ಅಂತಸ್ತು ಹತ್ತಬೇಕು. ಲಂಡನ್ ಕಂಡಕ್ಟರ್ ಹತ್ತುತ್ತಿದ್ದ ಮೆಟ್ಟಿಲನ್ನು ಸರ್ಕಾರವೇ ಕಟ್ಟಿಸಿ ಕೊಟ್ಟಿದೆ ಅನ್ನಿ. ಬೆಳಗ್ಗೆ ಒಂಬತ್ತಕ್ಕೆ ಹೋಗಿ ನೋಡಿ: ಎಸ್ಕಲೇಟರ್ ಮುಂದೆ ಕ್ಯೂ, ಪಕ್ಕದ ಕಲ್ಲಿನ ಮೆಟ್ಟಿಲು ಖಾಲಿ. ಮಂಡಿ ನೋವಿನೋರು, ಬಸುರಿ ಹೆಂಗಸರು, ವಯಸ್ಸಾದೋರು ಎಸ್ಕಲೇಟರ್ ಹಿಡಿಯಲಿ. ಗಟ್ಟಿಮುಟ್ಟಾದ ನಮಗೆ ಅದ್ಯಾಕೆ ಸ್ವಾಮಿ?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಸುಲಭ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಬೇಕು. ಜತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ. 150 ಅಂದ್ರೆ ದಿನಕ್ಕೆ 30 ನಿಮಿಷ, ಐದು ದಿನ. ಒಂದೇ ಸಲ ಅರ್ಧ ಗಂಟೆ ಆಗಬೇಕಿಲ್ಲ, ಹತ್ತು ಹತ್ತು ನಿಮಿಷದ ಚಿಲ್ಲರೆಯೂ ಜಮಾ ಆಗುತ್ತೆ. ಇಳಿಯೋ ಸ್ಟಾಪಿಗಿಂತ ಒಂದು ಸ್ಟಾಪ್ ಮೊದಲು ಇಳಿದು ನಡೆದರೆ ಹೋಗುವಾಗ ಹತ್ತು ನಿಮಿಷ, ಬರುವಾಗ ಹತ್ತು. ಮೆಟ್ಟಿಲು ಸೇರಿಸಿದರೆ ಲೆಕ್ಕ ಸರಿಹೋಯಿತು. ಜಿಮ್ ಫೀಸಿಲ್ಲ, ಬೂಟಿನ ಖರ್ಚಿಲ್ಲ.

ಅಂಗಡಿಯವರಿಗೆ ಬೇರೆ ದಾರಿ. ಗಿರಾಕಿ ಕೇಳಿದ ಸಾಮಾನನ್ನು ಹುಡುಗನ ಕೈಲಿ ತರಿಸೋ ಬದಲು ನೀವೇ ಎದ್ದು ತನ್ನಿ. ಫೋನ್ ಬಂದರೆ ನಿಂತು ಮಾತಾಡಿ. ಮಧ್ಯಾಹ್ನ ವ್ಯಾಪಾರ ತಣ್ಣಗಿರುವಾಗ ರಸ್ತೆ ತುದಿವರೆಗೆ ಹೋಗಿ ಬನ್ನಿ. ಬೆನ್ನು ಸರಿ ಇದ್ದರೆ ಸಣ್ಣ ಮೂಟೆ ಎತ್ತೋದೂ ಸ್ನಾಯು ಕೆಲಸವೇ. ಬಗ್ಗಬೇಕಾದ್ದು ಮಂಡಿ, ಸೊಂಟವಲ್ಲ.

ವಯಸ್ಸಾಯ್ತು ಅನ್ನೋರಿಗೆ ನಮ್ಮ ರಾಜಾಜಿನಗರದ ರಸ್ತೆಯ ಹೆಸರೇ ಉತ್ತರ ಕೊಡುತ್ತೆ. 1983ರಲ್ಲಿ ‘ಕಾಮನಬಿಲ್ಲು’ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಯೋಗಾಸನ ಹಾಕಿ ತೋರಿಸಿದಾಗ ಅವರಿಗೆ ಐವತ್ತು ದಾಟಿತ್ತು.

ನಡೆಯೋಣ ಅಂದ್ರೆ ಜಾಗ ಎಲ್ಲಿ? ನ್ಯಾಯವಾದ ಪ್ರಶ್ನೆ. ಫುಟ್‌ಪಾತ್ ಮೇಲೆ ಸ್ಕೂಟರ್, ಟ್ರಾನ್ಸ್‌ಫಾರ್ಮರ್, ಅಗೆದು ಬಿಟ್ಟ ಗುಂಡಿ. ಜತೆಗೆ ಒಂದು ಕಹಿ ಮಾತು, ಅಂಗಡಿಯವರು ಬೇಜಾರು ಮಾಡಿಕೊಳ್ಳಬಾರದು: ನಮ್ಮ ಬಕೆಟ್ಟು, ಬೊಂಬೆ, ಬೋರ್ಡು ಕೂಡ ಅಲ್ಲೇ ಇವೆಯಲ್ಲ! 2024ರಲ್ಲಿ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ ಘೋಷಣೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಹೊಸ ಪಾಲಿಕೆಯವರು ಬೇರೇನೂ ಬೇಡ, ನಡೆಯೋಕೆ ಒಂದು ನೆಟ್ಟಗಿನ ಫುಟ್‌ಪಾತ್ ಕೊಟ್ಟರೆ ಅರ್ಧ ಆಸ್ಪತ್ರೆ ಕಟ್ಟಿಸಿದಷ್ಟು ಪುಣ್ಯ.

ಬೈ ಟು ಜಾಣತನ

ಊಟ ಬಲ್ಲವನಿಗೆ ರೋಗವಿಲ್ಲ ಅಂತ ಹಿರಿಯರು ಹೇಳಿದ್ದಾರೆ. ಬಲ್ಲವನು ಅಂದ್ರೆ ಉಪವಾಸ ಬೀಳುವವನಲ್ಲ, ಅಳತೆ ಗೊತ್ತಿರುವವನು. ಬೆಂಗಳೂರಿನವರಿಗೆ ಅಳತೆ ಚೆನ್ನಾಗಿ ಗೊತ್ತು. ‘ಬೈ ಟು ಕಾಫಿ’ ಕುಡಿಯೋ ಊರಲ್ಲವೇ ಇದು! ಆ ಜಾಣತನವನ್ನು ತಟ್ಟೆಗೂ ತಂದರೆ ಸಾಕು.

ಮೊದಲು ಸಕ್ಕರೆ. ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಂ, ಅಂದ್ರೆ ಸುಮಾರು ಆರು ಚಮಚದ ಒಳಗಿದ್ದರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗಿರಾಕಿ ಜತೆ ಒಂದು, ಸಪ್ಲೈಯರ್ ಬಂದಾಗ ಒಂದು, ಬೇಜಾರಿಗೆ ಒಂದು ಅಂತ ಆರು ಕಾಫಿ ಕುಡಿದು, ಒಂದೊಂದಕ್ಕೆ ಎರಡು ಚಮಚ ಹಾಕಿಸಿದರೆ ಹನ್ನೆರಡು ಆಯಿತು. ಬೇಕರಿಯ ಹನಿ ಕೇಕು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಆಮೇಲೆ ಉಪ್ಪು. ಇಡೀ ದಿನಕ್ಕೆ 5 ಗ್ರಾಂ, ಒಂದು ಸಣ್ಣ ಚಮಚ. ಸಾರಿನ ಉಪ್ಪಿಗಿಂತ ಕಣ್ಣಿಗೆ ಕಾಣದ ಉಪ್ಪೇ ಕಿಲಾಡಿ: ಉಪ್ಪಿನಕಾಯಿ, ಹಪ್ಪಳ, ಖಾರಾ ಬಿಸ್ಕತ್ತು, ಮಿಕ್ಸ್‌ಚರ್. ಬಿಪಿ ಇರೋರು ಇವುಗಳ ಡಬ್ಬಿ ಗಲ್ಲಾ ಪಕ್ಕ ಇಟ್ಟುಕೊಳ್ಳಬಾರದು.

ಇನ್ನು ರಾಗಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿದ ಮೇಲೆ ಮುದ್ದೆಗೆ ಒಳ್ಳೇ ಮರ್ಯಾದೆ ಬಂದಿದೆ. ಮರ್ಯಾದೆ ನ್ಯಾಯವಾದ್ದೇ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ನಾರು ಬಿಳಿ ಅಕ್ಕಿಗಿಂತ ಬಹಳ ಜಾಸ್ತಿ. ಆದರೆ ‘ಶುಗರ್ ಇರೋರು ಮುದ್ದೆ ಎಷ್ಟಾದರೂ ಉಣ್ಣಬಹುದು’ ಅನ್ನೋದು ಸುಳ್ಳು. ರಾಗಿಯಲ್ಲೂ ಪಿಷ್ಟವೇ ಹೆಚ್ಚು ಪಾಲು. ಮಿಲಿಟರಿ ಹೋಟೆಲಿನ ಎರಡು ದೊಡ್ಡ ಮುದ್ದೆ, ಮೇಲೆ ಒಂದು ತಟ್ಟೆ ಅನ್ನ ಅಂದ್ರೆ ಹೊಲ ಉಳುವವನ ಊಟ. ಗಲ್ಲಾ ಮುಂದೆ ಕೂತವನಿಗೆ ಒಂದು ಸಣ್ಣ ಮುದ್ದೆ, ಅದರ ಜತೆ ಬಸ್ಸಾರು, ಸೊಪ್ಪಿನ ಪಲ್ಯ, ಕಾಳು, ಮಜ್ಜಿಗೆ ಸಾಕು.

ದರ್ಶಿನಿಗೆ ಹೋದರೂ ಅದೇ ಲೆಕ್ಕ. ಎರಡು ಇಡ್ಲಿ, ಸಾಂಬಾರು ಸ್ವಲ್ಪ ಜಾಸ್ತಿ ಹಾಕಿಸಿಕೊಳ್ಳಿ. ವಡೆ ಬೇಕೇ ಬೇಕು ಅಂದ್ರೆ ಬೈ ಟು ಮಾಡಿ. ರಾಮನವಮಿ ದಿನ ರಾಮಮಂದಿರದ ಮುಂದೆ ಕ್ಯೂ ನಿಂತು ತಿನ್ನೋ ಕೋಸಂಬರಿಯನ್ನು ವಾರಕ್ಕೆ ನಾಲ್ಕು ದಿನ ಮನೆಯಲ್ಲೇ ಮಾಡಿಸಿದರೆ ರಾಮ ಬೇಡ ಅನ್ನೋಲ್ಲ. ಅಂಗಡಿ ಮುಚ್ಚಿ ರಾತ್ರಿ ಹತ್ತೂವರೆಗೆ ಹೊಟ್ಟೆ ತುಂಬ ಉಂಡು ಹಾಗೇ ಮಲಗೋ ಅಭ್ಯಾಸ ಇದ್ದರೆ, ಏಳೂವರೆಗೆ ಡಬ್ಬಿ ತರಿಸಿ ಅಂಗಡಿಯಲ್ಲೇ ಉಂಡುಬಿಡಿ.

ಗ್ಯಾಸ್ ಅಲ್ಲ ಸ್ವಾಮಿ!

ನಡೆದರೆ, ಅಳತೆಯಲ್ಲಿ ಉಂಡರೆ ಸಾವೇ ಬರೋಲ್ಲ ಅಂತ ಯಾರೂ ಬಾಂಡ್ ಬರೆದುಕೊಡೋಕೆ ಆಗದು. 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೋದ ಪುನೀತ್ ರಾಜ್‌ಕುಮಾರ್ ಅವರಷ್ಟು ಕಸರತ್ತು ಮಾಡಿದೋರು ನಮ್ಮಲ್ಲಿ ಎಷ್ಟು ಜನ? ಆ ಸಾವು ಕಂಡು ‘ವ್ಯಾಯಾಮವೇ ದಂಡ’ ಅಂದೋರೂ ಇದ್ದಾರೆ. ಅದು ತಪ್ಪು ಲೆಕ್ಕ. ಹೆಲ್ಮೆಟ್ ಹಾಕಿದವನೂ ಒಮ್ಮೊಮ್ಮೆ ಸಾಯುತ್ತಾನೆ, ಹಾಗಂತ ಹೆಲ್ಮೆಟ್ ಬಿಸಾಡುತ್ತೇವೆಯೇ?

ಅದರಿಂದ ಕಲಿಯಬೇಕಾದ್ದು ಬೇರೆ. ದಕ್ಷಿಣ ಏಷ್ಯಾದ ನಮಗೆ ಮೊದಲ ಹೃದಯಾಘಾತ ಬೇರೆ ದೇಶದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆ. 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ ಅಂಕಿ ಇದು. ಬೀಡಿ ಸಿಗರೇಟು, ಬಿಪಿ, ಶುಗರ್, ಹೊಟ್ಟೆಯ ಬೊಜ್ಜು ಎಲ್ಲ ಆ ಪಟ್ಟಿಯಲ್ಲಿವೆ. 2023ರಲ್ಲಿ ಐಸಿಎಂಆರ್ ಅಧ್ಯಯನ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಶುಗರ್ ಇರೋರು ಸುಮಾರು 10 ಕೋಟಿ. ಇದ್ದೂ ಗೊತ್ತಿಲ್ಲದೆ ಓಡಾಡೋರು ಎಷ್ಟೋ ಜನ.

ಆದ್ದರಿಂದ 45 ಆಗಲಿ ಅಂತ ಕಾಯಬೇಡಿ. ಮೂವತ್ತು ದಾಟಿದರೆ ಬಿಪಿ, ಶುಗರ್ ನೋಡಿಸಿ. ‘ನಮ್ಮ ಕ್ಲಿನಿಕ್’ಗಳಲ್ಲಿ ಇದಕ್ಕೆ ದುಡ್ಡಿಲ್ಲ. ಇಎಸ್‌ಐ ಕಾರ್ಡ್ ಇದ್ದೋರಿಗೆ ರಾಜಾಜಿನಗರದಲ್ಲೇ ದೊಡ್ಡ ಆಸ್ಪತ್ರೆ ಇದೆ. ಟೈಲರ್ ಟೇಪಿನಲ್ಲಿ ಹೊಟ್ಟೆಯ ಸುತ್ತಳತೆ ನೋಡಿ: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ.

ಎದೆಯಲ್ಲಿ ಒತ್ತಿದ ಹಾಗೆ ನೋವು, ಎಡಗೈಗೋ ದವಡೆಗೋ ಇಳಿಯೋದು, ತಣ್ಣನೆ ಬೆವರು ಬಂದರೆ ‘ಗ್ಯಾಸು ಕಣಯ್ಯ, ಒಂದು ಸೋಡಾ ತಾ’ ಅಂತ ಕೂರಬೇಡಿ. ಹೆಂಗಸರಿಗೆ, ಶುಗರ್ ಇರೋರಿಗೆ ನೋವಿಲ್ಲದೆ ಬರೀ ಉಬ್ಬಸ, ಸುಸ್ತು ಆಗಿಯೂ ಬರಬಹುದು. ತಾವೇ ಸ್ಕೂಟರ್ ಓಡಿಸಿಕೊಂಡು ಹೋಗಬಾರದು. 108ಕ್ಕೆ ಫೋನ್ ಮಾಡಿ, ಇಸಿಜಿ ಇರೋ ಹತ್ತಿರದ ಆಸ್ಪತ್ರೆಗೆ ಹೋಗಿ. ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಮೊದಲ ಗಂಟೆಗಳಲ್ಲಿ ಬಿದ್ದರೆ ಮಾತ್ರ ಪೂರ್ತಿ ಫಲ. ಪುನೀತ್ ಹೆಸರಿನಲ್ಲೇ ಸರ್ಕಾರ 2023ರಲ್ಲಿ ‘ಹೃದಯ ಜ್ಯೋತಿ’ ಯೋಜನೆ ತಂದು, ಆ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡಿಸಿದ್ದು ಇದಕ್ಕೇ. ಊರಿನಲ್ಲಿರೋ ಅಪ್ಪ ಅಮ್ಮನಿಗೂ ಈ ಮಾತು ತಿಳಿಸಿ.

ವರ್ಷಕ್ಕೊಮ್ಮೆ ಅಂಗಡಿಯ ಸ್ಟಾಕ್ ಎಣಿಸಿ, ಕಿಲುಬು ಕಾಸಿಗೂ ಲೆಕ್ಕ ಇಡೋ ಜನ ನಾವು. ಈ ಭಾನುವಾರ ಒಂದು ಟೇಪು ತಗೊಂಡು ಹೊಟ್ಟೆ ಅಳೆದು, ಸೋಮವಾರ ಬಿಪಿ ನೋಡಿಸಿ, ಮಂಗಳವಾರದಿಂದ ಒಂದು ಸ್ಟಾಪ್ ಮೊದಲು ಇಳಿದರೆ ಕಳೆದುಕೊಳ್ಳೋದು ಹತ್ತು ನಿಮಿಷ. ಆ ಹತ್ತು ನಿಮಿಷ ಅಂಗಡಿಯಲ್ಲಿ ಹೆಂಡತಿಯನ್ನೋ ಮಗನನ್ನೋ ಕೂರಿಸಿ. ನಾಳೆ ಯಾವತ್ತಿಗೂ ಅವರೇ ಕೂರುವಂತೆ ಆಗೋದಕ್ಕಿಂತ ಅದು ವಾಸಿ.