ಅರ್ಧ ಇಂಚಿನ ಸುಳ್ಳು

ಮಾಲೂರು ತಾಲ್ಲೂಕಿನ ಲಕ್ಕೂರು ಕಡೆಯ ಯಾವುದೇ ಊರಿಗೆ ಹೋಗಿ, ನೀರಗಂಟಿ ವಾಲ್ವ್ ತಿರುಗಿಸಿದ ಹೊತ್ತಿಗೆ ಒಂದು ಬೀದಿ ನಡೆದು ನೋಡಿ. ಮನೆ ಮುಂದಿನ ನಲ್ಲಿಗೆ ಹಸಿರು ಪೈಪು ಸಿಕ್ಕಿಸಿರುತ್ತಾರೆ. ಬಾಯಿ ಸರಿಹೊಂದದ ಕಡೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೊಂದು ತಂತಿ ತಿರುಚಿರುತ್ತಾರೆ. ಅರ್ಧ ನೀರು ಡ್ರಮ್ಮಿಗೆ, ಇನ್ನರ್ಧ ನಲ್ಲಿ ಕಟ್ಟೆಗೆ.

ಇದು ಕೋಲಾರ ಜಿಲ್ಲೆ. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಬಳಸಿದ ನೀರನ್ನೇ ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ತಲೆಗೆ ದಿನಕ್ಕೆ 55 ಲೀಟರ್ ಕೊಡುವ ಗುರಿ ಇಟ್ಟುಕೊಂಡಿದೆ. ಅಷ್ಟು ಆಳದಿಂದ, ಅಷ್ಟು ಖರ್ಚಿನಿಂದ ಬಂದ ನೀರನ್ನು ನಾವು ಕಳೆದುಕೊಳ್ಳುವುದು ಕೊನೆಯ ಮೂರು ಇಂಚಿನಲ್ಲಿ, ನಲ್ಲಿಗೂ ಪೈಪಿಗೂ ನಡುವಿನ ಜಾಯಿಂಟಿನಲ್ಲಿ.

ತಪ್ಪು ಶುರುವಾಗುವುದು ಹಾರ್ಡ್‌ವೇರ್ ಅಂಗಡಿಯ ಗಲ್ಲೆ ಮುಂದೆ. “ಅರ್ಧ ಇಂಚಿಂದು ಒಂದು ನಿಪ್ಪಲ್ ಕೊಡಣ್ಣ” ಅನ್ನುತ್ತೇವೆ. ನಿಪ್ಪಲ್ ಎಂದರೆ ಒಂದು ಕಡೆ ನಲ್ಲಿಗೆ ತಿರುಗಿಸುವ, ಇನ್ನೊಂದು ಕಡೆ ಪೈಪಿನೊಳಗೆ ಸಿಕ್ಕಿಸುವ ತುಂಡು. ಅಂಗಡಿಯವರು ಕೇಳುತ್ತಾರೆ: “ಪೈಪ್ ಅರ್ಧ ಇಂಚಾ, ಥ್ರೆಡ್ ಅರ್ಧ ಇಂಚಾ?” ಉತ್ತರ ನಮಗೆ ಗೊತ್ತಿರುವುದಿಲ್ಲ. ಹೋಸ್ ಪೈಪಿನ ಅರ್ಧ ಇಂಚು ಎಂದರೆ ಒಳಗಿನ ತೂತು, ಸುಮಾರು 12.5 ಮಿಲಿಮೀಟರ್. ಥ್ರೆಡ್ಡಿನ ಅರ್ಧ ಇಂಚು ಹಾಗಲ್ಲ. ಸ್ಕೇಲು ಹಿಡಿದರೆ ಅದರ ಹೊರಮೈ 21 ಮಿಲಿಮೀಟರ್ ಹತ್ತಿರ ಬರುತ್ತದೆ. ಮುಕ್ಕಾಲು ಇಂಚಿನ ಥ್ರೆಡ್ 26.4 ಮಿಲಿಮೀಟರ್, ಅಂದರೆ ಒಂದು ಇಂಚಿಗೂ ಹೆಚ್ಚು! ಹಳೇ ಕಾಲದ ಕಬ್ಬಿಣದ ಪೈಪಿನ ಒಳಗಿನ ತೂತಿಗೆ ಇಟ್ಟ ಹೆಸರು ಅದರ ಹೊರಗಿನ ಥ್ರೆಡ್ಡಿಗೂ ಅಂಟಿಕೊಂಡಿತು. ಪೈಪು ಬದಲಾದರೂ ಹೆಸರು ಬದಲಾಗಲಿಲ್ಲ. ಸಾಲದೆಂಬಂತೆ, ಅರ್ಧ ಇಂಚಿನ ನಲ್ಲಿ ಎಂದು ತಂದದ್ದರ ಹಿಂಬದಿ ಅರ್ಧ ಇಂಚೇ ಆಗಿದ್ದರೂ ಮುಂದಿನ ಬಾಯಿ ಮುಕ್ಕಾಲು ಇಂಚಿನದಾಗಿರುವುದುಂಟು.

ಬಾಯಿ ಹೊಂದಿತು ಅಂದುಕೊಳ್ಳಿ. ಆಮೇಲೆ ಬರುವುದು ಟೇಪಿನ ಮೇಲಿನ ಅತಿಭಕ್ತಿ. ನೀರು ಸೋರಿದರೆ ಸಾಕು, ಟೆಫ್ಲಾನ್ ಟೇಪು ಸುತ್ತುತ್ತೇವೆ. ಗೋಡೆಯೊಳಗಿನ ಪೈಪಿಗೆ ನಲ್ಲಿ ಕೂರಿಸುವಾಗ ಥ್ರೆಡ್ಡೇ ನೀರು ತಡೆಯಬೇಕು. ಅಲ್ಲಿ ಟೇಪು ಬೇಕು, ಅದೂ ತಿರುಪು ಬಿಗಿಯಾಗುವ ದಿಕ್ಕಿಗೇ. ಆದರೆ ಹೋಸ್ ಪೈಪನ್ನು ನಲ್ಲಿ ಬಾಯಿಗೆ ಹಿಡಿಸುವ ಕಾಲರಿನಲ್ಲಿ ನೀರು ತಡೆಯುವುದು ಥ್ರೆಡ್ ಅಲ್ಲ, ಒಳಗೆ ಕೂತಿರುವ ರಬ್ಬರ್ ವಾಷರ್. ಅದು ಗಟ್ಟಿಯಾಗಿ ಸೀಳಿದ್ದರೆ ಮಾರುದ್ದ ಟೇಪು ಸುತ್ತಿದರೂ ಸೋರುತ್ತದೆ. ಪುಡಿಗಾಸಿನ ವಾಷರ್ ಬದಲಿಸಿದರೆ ಕೈಯಲ್ಲಿ ತಿರುಗಿಸಿದಷ್ಟೇ ಸಾಕು.

ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅರೆ ನಿಮಿಷ ಅದ್ದಿ ತೆಗೆದರೆ ಮೆತ್ತಗಾಗಿ ನಿಪ್ಪಲಿನ ಗೀರುಗಳ ಮೇಲೆ ಪೂರ್ತಿ ಕೂರುತ್ತದೆ. ಮೇಲೆ ತಂತಿ ಬೇಡ. ಅದು ಪೈಪನ್ನು ಕೊಯ್ಯುತ್ತದೆ. ತಿರುಪಿನ ಸ್ಟೀಲ್ ಕ್ಲಿಪ್ ಹಾಕಿ. ಹೊಸದಾಗಿ ಕೊಳ್ಳುವುದಾದರೆ ಪೈಪು, ನಿಪ್ಪಲ್ ಎರಡನ್ನೂ ಮುಕ್ಕಾಲು ಇಂಚಿನದೇ ತನ್ನಿ. ಒತ್ತಡ, ಉದ್ದ ಅಷ್ಟೇ ಇದ್ದರೂ ಅರ್ಧ ಇಂಚಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ನೀರು ಸಾಗುತ್ತದೆ. ನೀರು ಗಂಟೆಯ ಲೆಕ್ಕದಲ್ಲಿ ಬರುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಸೋರಿಕೆಗಿಂತ ದೊಡ್ಡ ಅಪಾಯ ಪೈಪಿನ ಇನ್ನೊಂದು ತುದಿಯಲ್ಲಿದೆ. ಅದನ್ನು ಡ್ರಮ್ಮಿನ ತಳಕ್ಕೆ ಮುಳುಗಿಸಿಟ್ಟು ಮರೆಯುತ್ತೇವೆ. ನೀರಗಂಟಿ ವಾಲ್ವ್ ಮುಚ್ಚಿದ ಕೂಡಲೇ ತಗ್ಗಿನ ಮನೆಯ ಕಡೆ ನೀರು ಇಳಿಯುತ್ತಾ ಪೈಪುಗಳಲ್ಲಿ ಎಳೆತ ಹುಟ್ಟುತ್ತದೆ. ತೆರೆದಿಟ್ಟ ನಲ್ಲಿಯ ಮೂಲಕ ಡ್ರಮ್ಮಿನ ನೀರು, ಪಾಚಿ ಸಮೇತ, ಊರ ಪೈಪಿಗೆ ವಾಪಸ್ ಹೋಗುತ್ತದೆ. ನಲ್ಲಿಗೇ ಮೋಟರ್ ಹಚ್ಚಿದರಂತೂ ಸೋರುವ ಜಾಯಿಂಟುಗಳಿಂದ ಚರಂಡಿ ನೀರನ್ನೇ ಹೀರಿಕೊಂಡಂತೆ. ಪೈಪಿನ ತುದಿ ಯಾವತ್ತೂ ನೀರಿನ ಮಟ್ಟದಿಂದ ಒಂದು ಗೇಣು ಮೇಲಿರಲಿ. ಆಗದಿದ್ದರೆ ನೀರು ಒಂದೇ ದಿಕ್ಕಿಗೆ ಹೋಗುವ ನಾನ್ ರಿಟರ್ನ್ ವಾಲ್ವ್ ಕೂರಿಸಿ.

ಈಚೆಗೆ ಸಿನಿಮಾ ಚಿತ್ರೀಕರಣದವರಷ್ಟೇ ಅಲ್ಲ, ಪ್ರವಾಸಿಗರೂ ಕ್ಯಾರವಾನ್ ಮೋಹಕ್ಕೆ ಬಿದ್ದಿದ್ದಾರೆ. ಅದರ ಪಕ್ಕೆಯಲ್ಲಿರುವ ನೀರಿನ ಬಾಯಿಗೂ ಇದೇ ಪಾಠ, ಮೂರು ಮಾತು ಹೆಚ್ಚಿಗೆ. ಒಂದು, ಗಾಡಿಯೊಳಗಿನ ಸಪೂರ ಪೈಪುಗಳು ಬೂಸ್ಟರ್ ಪಂಪಿನ ಒತ್ತಡ ತಡೆಯಲಾರವು. ಒತ್ತಡ ತಗ್ಗಿಸುವ ವಾಲ್ವ್ ಇರಲಿ. ಎರಡು, ಕುಡಿಯುವ ನೀರಿಗೆ ಫುಡ್ ಗ್ರೇಡ್ ಪೈಪೇ ಆಗಬೇಕು. ಬಿಸಿಲಿಗೆ ಬಿದ್ದ ತೋಟದ ಪೈಪಿನ ನೀರು ಪ್ಲಾಸ್ಟಿಕ್ ವಾಸನೆ ಹೊಡೆಯುವುದನ್ನು ನೀವೇ ಕಂಡಿರುತ್ತೀರಿ. ಮೂರು, ಆನ್‌ಲೈನಿನಲ್ಲಿ ತರಿಸುವಾಗ ಎಚ್ಚರ. ನಮ್ಮ ಮುಕ್ಕಾಲು ಇಂಚಿನ ಥ್ರೆಡ್ಡಿನಲ್ಲಿ ಇಂಚಿಗೆ 14 ಸುತ್ತು, ಅಮೆರಿಕದ ಹೋಸ್ ಪೈಪಿನಲ್ಲಿ ಹನ್ನೊಂದೂವರೆ. ಎರಡೂ ಹೊಂದುವಂತೆಯೇ ಕಾಣುತ್ತವೆ. ಬಲವಂತ ಮಾಡಿದರೆ ಥ್ರೆಡ್ಡೇ ಹಾಳು.

ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ಜಾಯಿಂಟಿನ ಲೆಕ್ಕ ಹಾಕಿ: 20 ಹನಿಗೆ ಒಂದು ಮಿಲಿಲೀಟರ್ ಎಂದರೂ ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕು, ಒಬ್ಬರು ಕುಡಿಯುವುದಕ್ಕೆ ಸಾಕಾಗಿ ಉಳಿಯುವಷ್ಟು ನೀರು. ಆದ್ದರಿಂದ ಮುಂದಿನ ಸಲ ಅಂಗಡಿಗೆ ಹೋಗುವಾಗ ಬಾಯಿಲೆಕ್ಕದ ಅರ್ಧ ಇಂಚು, ಮುಕ್ಕಾಲು ಇಂಚು ಬಿಟ್ಟುಬಿಡಿ. ಹಳೇ ಕಾಲರನ್ನೂ ಪೈಪಿನ ಒಂದು ಗೇಣು ತುಂಡನ್ನೂ ಜೇಬಿಗೆ ಹಾಕಿಕೊಂಡು ಹೋಗಿ, ಗಲ್ಲೆ ಮೇಲಿಟ್ಟು, ಅಲ್ಲೇ ತಿರುಗಿಸಿ ನೋಡಿ ತನ್ನಿ. ಜೊತೆಗೆ ಎರಡು ವಾಷರ್ ಹೆಚ್ಚಿಗೆ ಇರಲಿ.